ಡಿಜಿಟಲ್ ಸ್ವಯಂಮಾರ್ಗದರ್ಶಿ ನಡಿಗೆ ಮತ್ತು ಹೊಸೂರು ಸೀಮೆಯ ಚರಿತ್ರೆ

ಡಿಜಿಟಲ್ ಸ್ವಯಂಮಾರ್ಗದರ್ಶಿ ನಡಿಗೆ: ಜೊತೆಯಲ್ಲಿ ಮಾರ್ಗದರ್ಶಕರಿಲ್ಲದೆ, ಮೊಬೈಲ್ ಫೋನಿನ ನಕ್ಷೆ, ಧ್ವನಿ, ಚಿತ್ರ ಮತ್ತು ಬರಹಗಳ ನೆರವಿನಿಂದ ಒಂದು ಊರಿನ ಚರಿತ್ರೆಯನ್ನು ಅದು ನಡೆದ ಜಾಗದಲ್ಲೇ ನಿಂತು ತಿಳಿಯುವ ವಿಧಾನ. ನಡೆಯುವವರು ತಮಗೆ ಅನುಕೂಲವಾದ ಹೊತ್ತಿಗೆ ಹೊರಡಬಹುದು, ಹಿಡಿಸಿದ ಕಡೆ ತಂಗಬಹುದು, ಉಳಿದದ್ದನ್ನು ಇನ್ನೊಂದು ದಿನಕ್ಕೆ ಬಿಡಬಹುದು. ದಾರಿಯನ್ನು ಗುರುತಿಸಿದ ನಕ್ಷೆ, ಅದರ ಮೇಲಿನ ತಾಣಗಳು, ಪ್ರತಿ ತಾಣಕ್ಕೂ ಎರಡು ಮೂರು ನಿಮಿಷದ ನಿರೂಪಣೆ, ಆ ನಿರೂಪಣೆಗೆ ಆಧಾರವಾದ ಶಾಸನ, ಹಳೆಯ ಚಿತ್ರ ಅಥವಾ ಕಡತ ಇಷ್ಟಿದ್ದರೆ ನಡಿಗೆ ಸಿದ್ಧವಾಗುತ್ತದೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ, ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರಿಗೆ ಈ ವಿಧಾನ ವಿಶೇಷವಾಗಿ ಒಗ್ಗುತ್ತದೆ. ಆ ಊರಿನ ಚರಿತ್ರೆ ಒಂದೇ ರಾಜ್ಯದ ದಫ್ತರದಲ್ಲಾಗಲಿ ಒಂದೇ ಭಾಷೆಯಲ್ಲಾಗಲಿ ಸಿಗುವಂಥದ್ದಲ್ಲ. ತಮಿಳು ಶಾಸನ, ಕನ್ನಡ ವೀರಗಲ್ಲು, ತೆಲುಗು ಮನೆಮಾತು, ಮೈಸೂರು ಅರಸರ ಕೋಟೆ, ಇಂಗ್ಲಿಷ್ ಸೇನಾಧಿಕಾರಿಗಳ ದಿನಚರಿ ಇವೆಲ್ಲ ಅಲ್ಲಿ ಒಂದರ ಪಕ್ಕದಲ್ಲೊಂದು ಬಿದ್ದಿವೆ. ಚದುರಿದ ಈ ಸಾಮಗ್ರಿಯನ್ನು ನಡೆಯುವವರ ಮುಂದೆ ಒಂದೇ ಎಳೆಯಲ್ಲಿ ತಂದಿಡಲು ಫೋನಿನಷ್ಟು ಸುಲಭದ ಸಾಧನ ಇನ್ನೊಂದಿಲ್ಲ.

ಬೆಳೆದು ಬಂದ ಬಗೆ

ಯಾರ ನೆರವೂ ಇಲ್ಲದೆ ಊರು ನೋಡುವ ದಾರಿಗಳು ಫೋನಿಗಿಂತ ಹಳೆಯವು. ಅಮೆರಿಕದ ಬಾಸ್ಟನ್ ನಗರದಲ್ಲಿ 1951ರಲ್ಲಿ ರೂಪುಗೊಂಡ ‘ಫ್ರೀಡಂ ಟ್ರೇಲ್’ ಎಂಬ ಸುಮಾರು 4 ಕಿ.ಮೀ. ದಾರಿಯಲ್ಲಿ ನೆಲದ ಮೇಲಿನ ಕೆಂಪು ಗೆರೆಯೇ ಮಾರ್ಗದರ್ಶಕ. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯ ನೋಡುಗರ ಕೈಗೆ ರೇಡಿಯೋ ಗ್ರಾಹಕ ಕೊಟ್ಟು ವಿವರಣೆ ಕೇಳಿಸಿತು. ಕೆನಡಾದ ಕಲಾವಿದೆ ಜ್ಯಾನೆಟ್ ಕಾರ್ಡಿಫ್ 1991ರಿಂದ ಮಾಡಿದ ಧ್ವನಿನಡಿಗೆಗಳಲ್ಲಿ ಕೇಳುಗರ ಹೆಜ್ಜೆಗೆ ಹೊಂದುವಂತೆ ಮಾತು ಸಾಗುತ್ತಿತ್ತು. ನಿಜವಾದ ತಿರುವು ಬಂದದ್ದು 2000ದ ಮೇ ತಿಂಗಳಲ್ಲಿ. ಅದುವರೆಗೆ ನಾಗರಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕುಗೊಳಿಸುತ್ತಿತ್ತು. ಆ ನಿರ್ಬಂಧ ತೆಗೆದ ಮೇಲೆ ನಿಂತ ಜಾಗವನ್ನು ಕೆಲವೇ ಮೀಟರುಗಳ ಅಂತರದಲ್ಲಿ ಗುರುತಿಸುವುದು ಸಾಧ್ಯವಾಯಿತು. 2010ರಲ್ಲಿ ಲಂಡನ್ ವಸ್ತುಸಂಗ್ರಹಾಲಯ ತಂದ ‘ಸ್ಟ್ರೀಟ್ ಮ್ಯೂಸಿಯಂ’ ಎಂಬ ಆ್ಯಪ್ ಬೀದಿಯ ಇಂದಿನ ನೋಟದ ಮೇಲೆ ಅದೇ ಬೀದಿಯ ಹಳೆಯ ಛಾಯಾಚಿತ್ರವನ್ನು ಮೂಡಿಸಿ ತೋರಿಸಿತು.

ಭಾರತದಲ್ಲಿ ಇಂಥ ಕೆಲಸಕ್ಕೆ ಬಹುಕಾಲ ಅಡ್ಡಿಯಾಗಿದ್ದುದು ನಕ್ಷೆಗಳ ಮೇಲಿನ ನಿಯಂತ್ರಣ. ಇಸ್ರೋದ ‘ಭುವನ್’ 2009ರಲ್ಲಿ ಉಪಗ್ರಹ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಭಾರತೀಯರು ನಕ್ಷೆ ತಯಾರಿಸುವುದಕ್ಕೂ ಹಂಚುವುದಕ್ಕೂ ಇದ್ದ ಪೂರ್ವಾನುಮತಿಯ ಕಟ್ಟುಪಾಡನ್ನು ಬಹುಮಟ್ಟಿಗೆ ತೆಗೆದುಹಾಕಿತು. ಸ್ವಯಂಸೇವಕರು ಕಟ್ಟುತ್ತಿರುವ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಊರು, ಕೆರೆ, ಗುಡಿಗಳ ಹೆಸರನ್ನು ಕನ್ನಡ, ತಮಿಳು, ತೆಲುಗು ಲಿಪಿಗಳಲ್ಲಿ ಬೇರೆಬೇರೆಯಾಗಿ ದಾಖಲಿಸುವ ಅವಕಾಶವಿದೆ. ಗಡಿಯೂರಿನ ನಕ್ಷೆಗೆ ಇದು ಬಹಳ ಮುಖ್ಯವಾದ ಸೌಲಭ್ಯ.

ಬೆಂಗಳೂರಿನ ಮಾದರಿ

ಹೊಸೂರಿಗೆ ಹತ್ತಿರದ, ಎಲ್ಲಕ್ಕಿಂತ ಗಟ್ಟಿಯಾದ ಮಾದರಿ ಬೆಂಗಳೂರಿನ ಶಾಸನಗಳ ಡಿಜಿಟಲ್ ಸಂರಕ್ಷಣೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ಗೆ ಒಳಪಡಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ಮಿಲಿಮೀಟರಿನ ಸಣ್ಣ ಭಾಗದಷ್ಟು ಸೂಕ್ಷ್ಮವಾಗಿ ಅಳೆಯುವ ಈ ವಿಧಾನದಿಂದ, ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳೂ ಎದ್ದು ಬರುತ್ತವೆ. ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆಯುವ ಹಳೆಯ ಕ್ರಮದಲ್ಲಿ ತಪ್ಪಾಗಿ ಓದಲಾಗಿದ್ದ ಸಾಲುಗಳನ್ನು ಮರಳಿ ಓದುವುದು ಇದರಿಂದ ಸಾಧ್ಯವಾಗಿದೆ. ಶಾಸನಗಳು ನಿಂತಿರುವ ಜಾಗವನ್ನೂ ನಕ್ಷೆಯ ಮೇಲೆ ಗುರುತಿಸಿರುವುದರಿಂದ, ಆಸಕ್ತರು ಫೋನು ಹಿಡಿದು ನೇರವಾಗಿ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು.

ಈ ಕೆಲಸಕ್ಕೆ ಹುರುಪು ಕೊಟ್ಟದ್ದು 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ನಡುವೆ ಸಿಕ್ಕ ಕಿತ್ತಯ್ಯನ ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಈ ಶಾಸನ ಬೆಂಗಳೂರು ನಗರದೊಳಗೆ ದೊರೆತ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲೊಂದು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು 890ರ ಕಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪವಿದೆ. ಬೇಗೂರು, ಮಡಿವಾಳ, ದೊಮ್ಮಲೂರುಗಳಲ್ಲಿ ಕನ್ನಡದ ಜೊತೆಗೆ ತಮಿಳು ಶಾಸನಗಳೂ ಇವೆ. ಹಾಗಾಗಿ ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದವರು ಗಡಿಗೆ ಬಹಳ ಮುಂಚೆಯೇ ಎರಡು ಭಾಷೆಗಳ ಶಾಸನಲೋಕವನ್ನು ಹೊಕ್ಕಿರುತ್ತಾರೆ. ಹೊಸೂರಿನ ನಡಿಗೆ ಈ ದಾರಿಯ ಮುಂದುವರಿಕೆ.

ಗಡಿಯಲ್ಲಿ ಒಡೆದ ದಾಖಲೆ

ಹೊಸೂರಿನ ಚರಿತ್ರೆಯನ್ನು ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ದಾಖಲೆಗಳ ಹಂಚಿಕೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳ ಸಂಪುಟಮಾಲೆ. 1905ರಲ್ಲಿ ಬಂದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಆನೇಕಲ್ ತಾಲೂಕಿನವರೆಗಿನ ಕಲ್ಲುಗಳು ಸೇರಿದವು. ಅಲ್ಲಿಂದ ಕೆಲವೇ ಮೈಲಿ ಆಚೆಗಿದ್ದ ಹೊಸೂರು ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಅದರ ಶಾಸನಗಳು ಕೇಂದ್ರದ ಶಾಸನಶಾಸ್ತ್ರ ಇಲಾಖೆಯ ವಾರ್ಷಿಕ ವರದಿಗಳಿಗೆ ಹೋದವು. ಆ ಇಲಾಖೆಯ ಕೇಂದ್ರ ಕಚೇರಿ ಉದಕಮಂಡಲದಿಂದ 1966ರಲ್ಲಿ ಮೈಸೂರಿಗೆ ಬಂದಿತು. ತಮಿಳು ಶಾಸನಗಳ ಅಚ್ಚುಗಳೂ ದಶಕಗಳ ಕಾಲ ಮೈಸೂರಿನಲ್ಲೇ ಇದ್ದವು. ಅವನ್ನು ಚೆನ್ನೈಗೆ ಒಯ್ಯಬೇಕೆಂದು ಮದ್ರಾಸ್ ಹೈಕೋರ್ಟು 2021ರಲ್ಲಿ ಆದೇಶಿಸಿತು. ಇತ್ತ ತಮಿಳುನಾಡು ಪುರಾತತ್ವ ಇಲಾಖೆ, ಆರ್. ನಾಗಸ್ವಾಮಿಯವರ ನೇತೃತ್ವದಲ್ಲಿ, 1970ರ ದಶಕದಲ್ಲಿ ಧರ್ಮಪುರಿ ಜಿಲ್ಲೆಯ ವೀರಗಲ್ಲುಗಳನ್ನೂ ಶಾಸನಗಳನ್ನೂ ಸಮೀಕ್ಷಿಸಿ ಪ್ರಕಟಿಸಿತು. ಆಗ ಹೊಸೂರು ಆ ಜಿಲ್ಲೆಯ ಭಾಗವಾಗಿತ್ತು.

ಜಿಲ್ಲೆಗಳು ಬದಲಾದ ಕ್ರಮವನ್ನೂ ಇಲ್ಲಿ ನೆನಪಿಡಬೇಕು. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಬೇರೆಯಾಯಿತು. ಧರ್ಮಪುರಿಯಿಂದ 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಬೇರೆಯಾಯಿತು. ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಹಳೆಯ ಗೆಜೆಟಿಯರುಗಳಲ್ಲಿ ಈ ಊರನ್ನು ಹುಡುಕುವವರು ಸೇಲಂ ಜಿಲ್ಲೆಯ ಸಂಪುಟಗಳನ್ನು ತೆರೆಯಬೇಕು.

ಡಿಜಿಟಲ್ ಹುಡುಕಾಟದಲ್ಲಿ ಇನ್ನೊಂದು ಅಪಾಯವಿದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಹೊಸೂರು ‘ಊಸೂರ್’ ಎಂದೂ ಹೊಸಕೋಟೆ ‘ಊಸ್ಕೋಟ’ ಎಂದೂ ಕಾಣಿಸಿಕೊಳ್ಳುತ್ತವೆ. 1768ರಲ್ಲಿ ಎರಡೂ ಕಡೆ ಹೈದರಾಲಿಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆದಿರುವುದರಿಂದ ಒಂದರ ಘಟನೆಯನ್ನು ಇನ್ನೊಂದರ ಮೇಲೆ ಗುರುತಿಸುವುದು ಬಹಳ ಸುಲಭ. ಕರ್ನಾಟಕದಲ್ಲೇ ಹೊಸೂರೆಂಬ ಹಳ್ಳಿಗಳು ಹಲವಾರಿವೆ. ಕುಂದಾಣಿಯ ವಿಷಯದಲ್ಲೂ ಇದೇ ಪಾಡು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1254ರಲ್ಲಿ, ರಾಜ್ಯ ಇಬ್ಭಾಗವಾಯಿತು. ಮೂರನೆಯ ನರಸಿಂಹ ದೋರಸಮುದ್ರದಲ್ಲಿ, ರಾಮನಾಥ ಕಾವೇರಿ ತೀರದ ಕಣ್ಣನೂರಿನಲ್ಲಿ ಆಳಿದರು. ಮುಂದೆ ತಮಿಳುನಾಡಿನ ನೆಲೆ ಕೈತಪ್ಪಿದಾಗ ರಾಮನಾಥ ಕುಂದಾಣಿಗೆ ಬಂದು ನಿಂತ. ಈ ಕುಂದಾಣಿ ಹಳೆಯ ಹೊಸೂರು ತಾಲೂಕಿನದೆಂದು ವಿದ್ವಾಂಸರು ಗುರುತಿಸುತ್ತಾರಾದರೂ ದೇವನಹಳ್ಳಿ ಬಳಿಯ ಕುಂದಾಣವನ್ನೂ ಇದರೊಂದಿಗೆ ಜೋಡಿಸುವುದುಂಟು. ನಕ್ಷೆಯ ಮೇಲೆ ಗುರುತು ಹಾಕುವವರು ಇಂಥ ಕಡೆ ಎರಡೂ ಅಭಿಪ್ರಾಯಗಳನ್ನು ಬರೆದು ಹೇಳಬೇಕು. ಒಮ್ಮೆ ತಪ್ಪಾಗಿ ಬಿದ್ದ ಗುರುತು ಸಾವಿರಾರು ಫೋನುಗಳಿಗೆ ಹರಡಿದ ಮೇಲೆ ಅದನ್ನು ಅಳಿಸುವುದು ಪುಸ್ತಕದ ತಪ್ಪನ್ನು ತಿದ್ದುವುದಕ್ಕಿಂತ ಕಷ್ಟ.

ಚಂದ್ರಚೂಡೇಶ್ವರ ಬೆಟ್ಟ ಮತ್ತು ತೇರ್‌ಪೇಟೆ

ಹೊಸೂರಿನ ನಡಿಗೆ ಸಹಜವಾಗಿ ಆರಂಭವಾಗುವುದು ಚಂದ್ರಚೂಡೇಶ್ವರ ಬೆಟ್ಟದಿಂದ. ಊರಿನ ಸುತ್ತಲ ಬಯಲು, ಕೆರೆ, ಹೆದ್ದಾರಿ, ಕಾರ್ಖಾನೆಗಳ ಚಾವಣಿ ಎಲ್ಲವೂ ಅಲ್ಲಿಂದ ಒಂದೇ ನೋಟಕ್ಕೆ ಸಿಗುತ್ತವೆ. ನಕ್ಷೆಯನ್ನು ನೆಲದೊಂದಿಗೆ ಹೊಂದಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಸೂರಿನ ಜನ ಮೂರು ಬೆಟ್ಟಗಳನ್ನು ಒಟ್ಟಿಗೆ ಹೆಸರಿಸುತ್ತಾರೆ: ಶಿವನದು, ವೆಂಕಟೇಶ್ವರನದು, ಬ್ರಹ್ಮನದು. ಶಿವನು ಹೊನ್ನಿನ ಉಡದ ರೂಪದಲ್ಲಿ ಇಲ್ಲಿ ಕಾಣಿಸಿಕೊಂಡನೆಂದು ಸ್ಥಳಪುರಾಣ ಹೇಳುತ್ತದೆ. ಅಮ್ಮನವರ ಹೆಸರು ಮರಕತಾಂಬಿಕೆ.

ದೇವಾಲಯದಲ್ಲಿ ಚೋಳ ಮತ್ತು ಹೊಯ್ಸಳ ಕಾಲದ ತಮಿಳು ಶಾಸನಗಳಿವೆ. ಊರಿನ ಹಳೆಯ ಹೆಸರು ಸೆವಿಡಪಾಡಿ ಎಂಬುದು ತಿಳಿಯುವುದು ಶಾಸನಗಳಿಂದಲೇ. ಈ ನಾಡನ್ನು ತಮಿಳು ಶಾಸನಗಳು ಮುರಸು ನಾಡೆನ್ನುತ್ತವೆ. ಕನ್ನಡದ ಮೊರಸುನಾಡು ಇದೇ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನ ಸೇರಿದ ಮೊರಸು ಒಕ್ಕಲಿಗರ ಹೆಸರಿನಲ್ಲಿ ಆ ನಾಡು ಇಂದಿಗೂ ಉಳಿದಿದೆ. ಹೊಯ್ಸಳರು ಕನ್ನಡ ಅರಸರು, ಆದರೂ ಇಲ್ಲಿ ತಮಿಳಿನಲ್ಲಿ ಕೆತ್ತಿಸಿದರು. ಗಂಗ, ನೊಳಂಬ ಅರಸರ ಕಾಲದಲ್ಲಿ ಈ ಭಾಗದ ವೀರಗಲ್ಲುಗಳು ಕನ್ನಡದಲ್ಲೂ ತಮಿಳಿನಲ್ಲೂ ನಿಂತವು. ನೊಳಂಬ ಮಹೇಂದ್ರನ ಕಾಲದ, 893ರ ಧರ್ಮಪುರಿಯ ಜೈನ ಶಾಸನ ಕನ್ನಡದ್ದು. ಅರಸನ ಭಾಷೆ, ದೇವಾಲಯದ ಭಾಷೆ, ಹೊಲದಲ್ಲಿ ದುಡಿಯುವವರ ಭಾಷೆ ಬೇರೆಬೇರೆಯಾಗಿದ್ದೂ ಒಂದೇ ನಾಡು ನಡೆಯುತ್ತಿತ್ತೆಂಬ ಸಂಗತಿಯನ್ನು ನಿರೂಪಣೆ ಬೆಟ್ಟದ ಮೇಲೆಯೇ ವಿವರಿಸಿಬಿಟ್ಟರೆ ಮುಂದಿನ ತಾಣಗಳೆಲ್ಲ ಅರ್ಥವಾಗುತ್ತಾ ಹೋಗುತ್ತವೆ.

ಬೆಟ್ಟದ ಬುಡದ ತೇರ್‌ಪೇಟೆಯಲ್ಲಿ ತೇರು ಎಳೆಯುವ ಬೀದಿಗಳೂ ಪಚ್ಚೈಕುಳಂ ಎಂಬ ಕೊಳವೂ ಇವೆ. ಫೆಬ್ರವರಿ–ಮಾರ್ಚ್ ಸುಮಾರಿನಲ್ಲಿ ನಡೆಯುವ ತೇರಿಗೆ ಕರ್ನಾಟಕ ಮತ್ತು ಆಂಧ್ರದಿಂದಲೂ ಭಕ್ತರು ಬರುತ್ತಾರೆ. ತೇರಿನ ದಿನ ಧ್ವನಿನಡಿಗೆ ಮಾಡಲಾಗದು, ಮಾಡಬಾರದು ಕೂಡ. ಆ ದಿನ ಊರೇ ಮಾತಾಡುತ್ತದೆ. ಉಳಿದ ದಿನಗಳಲ್ಲಿ ತೇರಿನ ಸದ್ದು, ಮೂರು ಭಾಷೆಗಳ ಕೂಗು ಇವುಗಳ ಧ್ವನಿಮುದ್ರಿಕೆಯನ್ನು ಖಾಲಿ ಬೀದಿಯಲ್ಲಿ ಕೇಳಿಸಿದರೆ ಅದಕ್ಕೆ ಬೆಲೆಯಿದೆ.

ವೀರಗಲ್ಲು, ಮಾಸ್ತಿಕಲ್ಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ಇಂಥ ಹಲವು ಕಲ್ಲುಗಳನ್ನು ಜನ ವೇಡಿಯಪ್ಪನೆಂದು ಪೂಜಿಸುತ್ತಾರೆ. ಅರಿಸಿನ, ಎಣ್ಣೆ, ಸುಣ್ಣ ಬಳಿದ ಕಲ್ಲಿನ ಅಕ್ಷರ ಕಾಣಲೆಂದು ಯಾತ್ರಿಕರು ತೊಳೆಯಲು ಹೋಗುವುದು ಸಲ್ಲದು. ಮೂರು ಆಯಾಮದ ಡಿಜಿಟಲ್ ಪ್ರತಿ ಇರಬೇಕಾದ್ದು ಇದಕ್ಕೇ: ಕಲ್ಲು ದೇವರಾಗಿಯೇ ಉಳಿಯಲಿ, ಅಕ್ಷರವನ್ನು ಪರದೆಯ ಮೇಲೆ ಓದಬಹುದು.

ಕೋಟೆ, ಯುದ್ಧಗಳು ಮತ್ತು ಬ್ರೆಟ್‌ನ ಕಟ್ಟಡ

ಹೊಸೂರಿನ ಕೋಟೆ ಇಂದು ಅವಶೇಷ ಮಾತ್ರ. ಪ್ರೇಕ್ಷಣೀಯ ಕಟ್ಟಡವಿಲ್ಲದ ಇಂಥ ಜಾಗದಲ್ಲೇ ಡಿಜಿಟಲ್ ನಡಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೈಸೂರು ರಾಜ್ಯ ಬೆಂಗಳೂರಿನ ಬಯಲಿನಿಂದ ಘಟ್ಟದ ಕೆಳಗಿನ ಬಾರಾಮಹಲ್ ಸೀಮೆಗೆ ಇಳಿಯುವ ದಾರಿಯನ್ನು ಈ ಕೋಟೆ ಕಾಯುತ್ತಿತ್ತು. 1768ರ ನವೆಂಬರಿನಲ್ಲಿ, ಆಗ ಇಂಗ್ಲಿಷರ ಕೈಯಲ್ಲಿದ್ದ ಹೊಸೂರನ್ನು ಹೈದರಾಲಿ ಮುತ್ತಿದಾಗ ಅದನ್ನು ಬಿಡಿಸಲು ಬಂದ ಇಂಗ್ಲಿಷ್ ಸೇನೆಯ ಕರ್ನಲ್ ವುಡ್, ತನ್ನ ಭಾರೀ ಫಿರಂಗಿಗಳನ್ನೂ ಸಾಮಾನು ಸರಂಜಾಮನ್ನೂ ಬಾಗಲೂರಿನಲ್ಲಿ ಬಿಟ್ಟು ಮುನ್ನಡೆದ. ಹೈದರ್ ಹಿಂದಿನಿಂದ ಬಾಗಲೂರಿಗೆ ನುಗ್ಗಿ ಅವೆಲ್ಲವನ್ನೂ ವಶಪಡಿಸಿಕೊಂಡ. ಹೊಸೂರು ಮತ್ತು ಬಾಗಲೂರುಗಳ ನಡುವಣ ದಾರಿಯನ್ನು ನಕ್ಷೆಯಲ್ಲಿ ನೋಡುತ್ತಾ ಈ ಪ್ರಸಂಗವನ್ನು ಕೇಳಿದರೆ ಹೈದರನ ಯುದ್ಧಕೌಶಲ ತಾನಾಗಿ ಮನದಟ್ಟಾಗುತ್ತದೆ.

ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈನಲ್ಲಿ, ಕಾರ್ನ್‌ವಾಲಿಸ್‌ನ ಸೇನೆ ಬರುತ್ತಿದ್ದಂತೆ ಟಿಪ್ಪುವಿನ ಕಾವಲುಪಡೆ ಹೊಸೂರನ್ನು ತೆರವು ಮಾಡಿತು. ಕೋಟೆಯನ್ನು ಭದ್ರಪಡಿಸುವ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಅದೇ ತಿಂಗಳು ಮೇಜರ್ ಗೌಡಿಯ ದಳ ರಾಯಕೋಟೆಯನ್ನು ಹಿಡಿಯಿತು. ನವೆಂಬರಿನಲ್ಲಿ ಕೃಷ್ಣಗಿರಿಯ ಮೇಲುಕೋಟೆಗೆ ಲಗ್ಗೆ ಹಾಕಿದ ಮ್ಯಾಕ್ಸ್‌ವೆಲ್ಲನ ಪಡೆ ಮಾತ್ರ ಸೋತು ಹಿಂದೆ ಸರಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೊ ಅಲ್ಲಿ ನಡೆಸಿದ ಭೂಕಂದಾಯದ ಪ್ರಯೋಗದಿಂದಲೇ ಮುಂದೆ ರಯತವಾರಿ ಪದ್ಧತಿ ರೂಪುಗೊಂಡಿತು. ಆದರೆ ಘಟ್ಟದ ಮೇಲಿನ ಹೊಸೂರು ಸೀಮೆ 1792ರಲ್ಲಿ ಕೈಬದಲಾಗಲಿಲ್ಲ. ಅದು 1799ರವರೆಗೂ ಮೈಸೂರಿನಲ್ಲೇ ಉಳಿದು, ಟಿಪ್ಪು ಮಡಿದ ಮೇಲೆ ಸೇಲಂ ಜಿಲ್ಲೆಗೆ ಸೇರಿತು. ಆ ವರ್ಷದ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್ ತನ್ನ ಸೈನ್ಯವನ್ನು ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಾಗಿ ಶ್ರೀರಂಗಪಟ್ಟಣದತ್ತ ನಡೆಸಿದ. ಇಂದಿನ ಭಾಷಾವಾರು ಗಡಿಯ ಬೇರು 1792 ಮತ್ತು 1799ರ ಒಪ್ಪಂದಗಳಲ್ಲಿದೆ. ಹೊಸೂರಿನ ಕನ್ನಡಿಗರ ಸ್ಥಿತಿಯನ್ನು ತಿಳಿಯಬೇಕಾದವರು ಭಾಷಾವಾರು ರಾಜ್ಯಗಳು ರೂಪುಗೊಂಡ 1956ರ ಜೊತೆಗೆ 1799ನ್ನೂ ಓದಬೇಕು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸೇಲಂ ಕಲೆಕ್ಟರನಾಗಿದ್ದ ಬ್ರೆಟ್ ಹೊಸೂರಿನಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಭವ್ಯ ಕಟ್ಟಡವೊಂದನ್ನು ಎಬ್ಬಿಸಿದ. ಮದುವೆಯಾಗಲಿದ್ದವಳಿಗಾಗಿ ಕಟ್ಟಿಸಿದನೆಂಬ ಕಥೆ ಅದಕ್ಕೆ ಅಂಟಿಕೊಂಡಿದೆ. ಕಟ್ಟಡ ಪಾಳುಬಿದ್ದು ಹೋಯಿತು. ಕಥೆಯನ್ನು ಕಥೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಎರಡು ಬೇರೆ ಧ್ವನಿಗಳಲ್ಲಿ ಕೇಳಿಸುವುದು ಇಲ್ಲಿ ಒಳ್ಳೆಯ ಕ್ರಮ. ಉಡದ ಪುರಾಣಕ್ಕೂ ಇದೇ ಕ್ರಮ ಹೊಂದುತ್ತದೆ.

ಮತ್ತಿಗಿರಿ, ತೊರಪಳ್ಳಿ, ಅಳಿದ ರೈಲುದಾರಿ

ಊರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ ಕಂಪನಿ ಸರ್ಕಾರ ಸೈನ್ಯಕ್ಕೆ ಕುದುರೆ ಒದಗಿಸುವ ಕೇಂದ್ರವನ್ನು ತೆರೆಯಿತು. ಸುಮಾರು 1,600 ಎಕರೆಯ ಆ ಜಾಗ ಮುಂದೆ ಸರ್ಕಾರಿ ಜಾನುವಾರು ಸಾಕಣೆ ಕೇಂದ್ರವಾಗಿ ಈಗಲೂ ನಡೆಯುತ್ತಿದೆ. ಒಳಗೆ ಹೋಗಲು ಅನುಮತಿ ಬೇಕಾದ್ದರಿಂದ ಹೊರರಸ್ತೆಯಿಂದಲೇ ವಿವರಣೆ ಕೇಳುವಂತೆ ತಾಣವನ್ನು ಗುರುತಿಸಬೇಕಾಗುತ್ತದೆ.

ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ ಈ ಹುಡುಗ 1948ರಲ್ಲಿ ಭಾರತದ ಗವರ್ನರ್ ಜನರಲ್ ಆದರು. ಅವರು ಹುಟ್ಟಿದ ಮನೆ ಸ್ಮಾರಕವಾಗಿದೆ. ಹೊಸೂರಿನ ಮಕ್ಕಳ ಉನ್ನತ ಶಿಕ್ಷಣಕ್ಕೆ ಬೆಂಗಳೂರೇ ಸಹಜ ದಾರಿಯಾಗಿತ್ತೆಂಬುದಕ್ಕೆ ಅವರ ಬಾಲ್ಯವೇ ಸಾಕ್ಷಿ.

ಕಣ್ಣಿಗೆ ಕಾಣದ ತಾಣಗಳಲ್ಲಿ ಎಲ್ಲಕ್ಕಿಂತ ಕುತೂಹಲದ್ದು ನ್ಯಾರೋಗೇಜ್ ರೈಲು. ಬರಗಾಲದ ಪರಿಹಾರಕ್ಕೆಂದು ಯೋಚಿಸಿದ ಈ 762 ಮಿಲಿಮೀಟರ್ ಅಗಲದ ಹಳಿ 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೂ 1913ರಲ್ಲಿ ಅಲ್ಲಿಂದ ಹೊಸೂರಿಗೂ ಬಂದಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ಅದು ಮುಚ್ಚಿಹೋಯಿತು. ಹೊಸೂರಿನ ಮೂಲಕ ಬೆಂಗಳೂರು–ಸೇಲಂ ರೈಲು ಓಡುವ ಹೊತ್ತಿಗೆ ಸುಮಾರು ಮೂರು ದಶಕ ಕಳೆದಿತ್ತು. ಹಳೆಯ ಸರ್ವೇ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಅದರಲ್ಲಿರುವ ಕೆರೆಯ ಏರಿ, ಗುಡಿ, ಬೆಟ್ಟದ ತುದಿಯಂಥ ಬದಲಾಗದ ಗುರುತುಗಳನ್ನು ಇಂದಿನ ಉಪಗ್ರಹ ಚಿತ್ರಕ್ಕೆ ಹೊಂದಿಸಿದರೆ, ಹಳಿ ಹಾದುಹೋದ ಜಾಡು ತಾನಾಗಿ ಮೂಡುತ್ತದೆ. ಇಂಥ ಹೊಂದಾಣಿಕೆಗೆ ಕಡಿಮೆಯೆಂದರೂ ನಾಲ್ಕೈದು ಗುರುತುಗಳು ನಕ್ಷೆಯ ತುಂಬ ಹರಡಿಕೊಂಡಿರಬೇಕು. ಎಲ್ಲವೂ ಒಂದೇ ಮೂಲೆಯಲ್ಲಿದ್ದರೆ ಉಳಿದ ಭಾಗ ವಾರೆಯಾಗುತ್ತದೆ.

ಕೈಗಾರಿಕೆಯ ಚರಿತ್ರೆ ಇತ್ತೀಚಿನದಾದರೂ ಬಿಡುವಂಥದ್ದಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ರೂಪುಗೊಂಡಿತು. 1980ರಲ್ಲಿ ಇಲ್ಲಿಂದ ಟಿವಿಎಸ್-50 ಮೊಪೆಡ್ ಹೊರಬಂದಿತು. ಅದೇ ವರ್ಷ ಅಶೋಕ್ ಲೇಲ್ಯಾಂಡ್ ಘಟಕ ಆರಂಭವಾಯಿತು. ಆ ದಶಕದಲ್ಲೇ ಟೈಟನ್ ಗಡಿಯಾರದ ಕಾರ್ಖಾನೆ ಬಂದಿತು. ಮೊರಸುನಾಡಿನ ಪೇಟೆಯೊಂದು ಭಾರತದ ಎಲ್ಲ ಭಾಗದ ಕಾರ್ಮಿಕರ ಊರಾದದ್ದು ಒಂದೇ ತಲೆಮಾರಿನಲ್ಲಿ. ಮೊದಲ ವರ್ಷಗಳಲ್ಲಿ ದುಡಿದವರು ಈಗಲೂ ಇದ್ದಾರೆ. ಅವರ ಮಾತುಗಳ ಧ್ವನಿಮುದ್ರಣ ಈಗಲೇ ಆಗಬೇಕಾದ ಕೆಲಸ.

ಊರಾಚೆಯ ತಾಣಗಳು

ನಡಿಗೆಯನ್ನು ವಾಹನದ ಸುತ್ತಾಟವಾಗಿ ವಿಸ್ತರಿಸುವವರಿಗೆ ಸುತ್ತಲಿನ ಸೀಮೆ ಸಮೃದ್ಧವಾಗಿದೆ. ಶೂಲಗಿರಿ ಕಡೆಯ ಮಲ್ಲಚಂದ್ರದ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳ ಸಮೂಹವಿದೆ. ಇಂಥವನ್ನು ಜನ ಪಾಂಡವರ ಹೆಸರಿನಲ್ಲಿ ಕರೆಯುವುದು ಕರ್ನಾಟಕದಲ್ಲಿದ್ದಂತೆಯೇ ಇಲ್ಲೂ ಇದೆ. ಬರಗೂರು ತಾಲೂಕಿನ ಮಯಿಲಾಡುಂಪಾರೈಯ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ನೆಲೆಯ ಕಾಲ ಕ್ರಿ.ಪೂ. 2172ರವರೆಗೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. ಕೃಷ್ಣಗಿರಿ ಮತ್ತು ರಾಯಕೋಟೆಯ ಬೆಟ್ಟದ ಕೋಟೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಕೃಷ್ಣಗಿರಿಯಲ್ಲಿ 1993ರಿಂದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಡೆಂಕಣಿಕೋಟೆಯಲ್ಲಿ ಬೇಟೆರಾಯಸ್ವಾಮಿ ದೇವಾಲಯವಿದೆ.

ಹಳೆಯ ಮತ್ತು ಹೊಸ ನೋಟಗಳನ್ನು ಹೋಲಿಸಲು ಬಾರಾಮಹಲ್‌ಗೆ ಸಿಕ್ಕಷ್ಟು ಒಳ್ಳೆಯ ಚಿತ್ರಗಳು ದಕ್ಷಿಣದ ಹೆಚ್ಚು ಸೀಮೆಗಳಿಗೆ ಸಿಕ್ಕಿಲ್ಲ. ಥಾಮಸ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ಈ ದಾರಿಯಲ್ಲಿ ಸಂಚರಿಸಿ ರಾಯಕೋಟೆ, ವೀರಭದ್ರದುರ್ಗ ಮೊದಲಾದವನ್ನು ಚಿತ್ರಿಸಿದರು. ‘ಓರಿಯೆಂಟಲ್ ಸೀನರಿ’ ಮಾಲೆಯ ಆ ಮುದ್ರಣಗಳ ಪ್ರತಿಗಳು ಅಂತರ್ಜಾಲದಲ್ಲಿ ಮುಕ್ತವಾಗಿ ದೊರೆಯುತ್ತವೆ. ಕಲಾವಿದರು ನಿಂತ ಜಾಗವನ್ನು ಬಂಡೆಗಳ ಅಂಚಿನಿಂದ ಅಂದಾಜಿಸಿ, ಅಲ್ಲಿ ನಿಂತವರ ಪರದೆಯ ಮೇಲೆ ಚಿತ್ರವನ್ನು ಇಂದಿನ ನೋಟದೊಂದಿಗೆ ಕೂಡಿಸಿ ತೋರಿಸಬಹುದು. ಚಿತ್ರಕಾರರು ಬೆಟ್ಟವನ್ನು ಕೊಂಚ ಎತ್ತರಿಸಿಯೇ ಬರೆಯುತ್ತಿದ್ದರೆಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಈ ಸೀಮೆ ಗ್ರಾನೈಟ್ ಗಣಿಗಾರಿಕೆಗೂ ಹೆಸರಾದದ್ದು. ಕಲ್ಮನೆಗಳಿಗೆ ಗಣಿಯಿಂದಲೂ ನಿಧಿ ಹುಡುಕುವವರಿಂದಲೂ ಅಪಾಯವಿದೆ. ಕಾವಲಿಲ್ಲದ ಒಂಟಿ ತಾಣಗಳ ನಿಖರ ಜಾಗವನ್ನು ಸಾರ್ವಜನಿಕ ನಕ್ಷೆಯಲ್ಲಿ ಹಾಕದೆ, ಹತ್ತಿರದ ಊರಿನ ಹೆಸರನ್ನಷ್ಟೇ ಕೊಟ್ಟು, ಪೂರ್ಣ ದಾಖಲೆಯನ್ನು ಪುರಾತತ್ವ ಇಲಾಖೆಗೆ ಒಪ್ಪಿಸುವುದು ಉಚಿತ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಇನ್ನೊಂದು ಬಗೆಯ ಅಪಾಯವಿದೆ. ಬನ್ನೇರುಘಟ್ಟದ ಕಾಡಿನಿಂದ ಹೊಸೂರು ಅರಣ್ಯ ವಿಭಾಗಕ್ಕೆ ಆನೆಹಿಂಡುಗಳು ಮಳೆಗಾಲ ಮುಗಿದ ತಿಂಗಳುಗಳಲ್ಲಿ, ರಾಗಿ ಮಾಗುವ ಹೊತ್ತಿಗೆ, ಇಳಿದುಬರುತ್ತವೆ. ಆ ಭಾಗದಲ್ಲಿ ಅರಣ್ಯ ಇಲಾಖೆಯ ಸೂಚನೆ ಪಡೆಯದೆ ನಡಿಗೆ ಇಟ್ಟುಕೊಳ್ಳಬಾರದು.

ತಯಾರಿ ಮತ್ತು ತಂತ್ರ

ನಡಿಗೆಯ ನಕ್ಷೆಯನ್ನೂ ಧ್ವನಿಯನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳುವಂತಿರಬೇಕು. ಬಂಡೆಗಳ ನಡುವೆ ಸಂಪರ್ಕ ಕಡಿದುಹೋಗುತ್ತದೆ. ಬಯಲಿನಲ್ಲಿ ಸ್ಥಾನದ ತಪ್ಪು ಕೆಲವೇ ಮೀಟರಾದರೂ ಇಕ್ಕಟ್ಟಾದ ಪೇಟೆಬೀದಿಯಲ್ಲಿ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ತಪ್ಪು ಹೆಚ್ಚುತ್ತದೆ. ಧ್ವನಿ ತಾನಾಗಿ ಆರಂಭವಾಗುವ ವೃತ್ತವನ್ನು ಅಲ್ಲಿ ತುಸು ದೊಡ್ಡದಾಗಿಯೇ ಇಡಬೇಕು, ಅಥವಾ ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತವನ್ನು ಬಳಸಬೇಕು. ಹೆದ್ದಾರಿ ದಾಟುವ ಕಡೆ ಧ್ವನಿ ನಿಲ್ಲುವಂತೆ ಮಾಡುವುದು ಸುರಕ್ಷತೆಗೆ ಅಗತ್ಯ. ಬೆಟ್ಟದ ಕೋಟೆಗಳಿಗೆ ಬೆಳಗಿನ ಹೊತ್ತೇ ಸರಿ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ.

ನಿರೂಪಣೆಯ ಪ್ರತಿ ಹೇಳಿಕೆಗೂ ಆಧಾರ ಯಾವುದೆಂದು ತೋರುವಂತಿರಬೇಕು. ಶಾಸನವಾದರೆ ಮೂಲಪಾಠ, ಲಿಪ್ಯಂತರ, ಅರ್ಥ. ಯುದ್ಧವಾದರೆ ಯಾವ ಪಕ್ಷದ ಬರಹ ಎಂಬುದು. ಹೊಸೂರಿನ ಯುದ್ಧಗಳ ಬಗ್ಗೆ ಸುಲಭವಾಗಿ ಕೈಗೆ ಸಿಗುವ ಬರಹಗಳು ಹೆಚ್ಚಾಗಿ ಇಂಗ್ಲಿಷ್ ಅಧಿಕಾರಿಗಳವು. ಕೇಳುಗರಿಗೆ ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಭಾಷೆ

ಹೊಸೂರು ಸೀಮೆಯಲ್ಲಿ ತಮಿಳು ಆಡಳಿತದ ಭಾಷೆ. ಹೊಸೂರಿನ ಸುತ್ತ ತೆಲುಗು, ತಳಿ, ಡೆಂಕಣಿಕೋಟೆ, ಅಂಚೆಟ್ಟಿಗಳತ್ತ ಕನ್ನಡ, ಪೇಟೆಗಳಲ್ಲಿ ಉರ್ದು ಮನೆಮಾತಾಗಿ ನಡೆದು ಬಂದಿವೆ. ಒಂದೇ ಮನೆಯಲ್ಲಿ ಎರಡು ಭಾಷೆ ಆಡುವವರು ಇಲ್ಲಿ ಸಾಮಾನ್ಯ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಈ ಭಾಗದಲ್ಲಿವೆ. ಆದ್ದರಿಂದ ಇಲ್ಲಿನ ನಡಿಗೆಗೆ ಕನ್ನಡ ಧ್ವನಿ ಎಂಬುದು ಪ್ರವಾಸಿಗರಿಗೆ ಮಾಡುವ ಉಪಚಾರವಲ್ಲ, ಸ್ಥಳದವರಿಗೆ ಸಲ್ಲಬೇಕಾದ ಹಕ್ಕು. ಆ ಧ್ವನಿ ಬೆಂಗಳೂರಿನ ಸ್ಟುಡಿಯೋದ ಶುದ್ಧ ಉಚ್ಚಾರಣೆಯಲ್ಲಿರುವುದಕ್ಕಿಂತ ತಳಿ, ಡೆಂಕಣಿಕೋಟೆಯ ಮಾತಿನಲ್ಲಿದ್ದರೆ ನಡಿಗೆಗೆ ಹೆಚ್ಚು ಸತ್ಯ ಬರುತ್ತದೆ. ಯಂತ್ರದಿಂದ ಬರಹವನ್ನು ಧ್ವನಿಗೆ ತಿರುಗಿಸುವ ಸೌಲಭ್ಯ ಈಗ ಕನ್ನಡಕ್ಕೂ ಇದೆ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಿಂದ ಇದಕ್ಕಾಗಿ ಕೆಲಸ ಮಾಡುತ್ತಿದೆ. ಆದರೆ ಊರು, ಕೆರೆ, ದೇವರ ಹೆಸರುಗಳನ್ನು ಸ್ಥಳದವರು ಹೇಳುವಂತೆ ಯಂತ್ರ ಇನ್ನೂ ಹೇಳಲಾರದು.

ಗಡಿಭಾಗದ ಶಾಲಾ ಮಕ್ಕಳು ತಮ್ಮ ಊರಿನ ಒಂದೊಂದು ಕಲ್ಲು, ಕೆರೆ, ಗುಡಿಯ ಚಿತ್ರ ತೆಗೆದು, ಹಿರಿಯರ ಮಾತನ್ನು ಧ್ವನಿಮುದ್ರಿಸಿ, ವಿಕಿಮೀಡಿಯ ಕಾಮನ್ಸ್ ಮತ್ತು ಕನ್ನಡ ವಿಕಿಪೀಡಿಯದಂಥ ಮುಕ್ತ ತಾಣಗಳಲ್ಲಿ ಸೇರಿಸಬಹುದು. ಅದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಹೊಸೂರು, ಕೃಷ್ಣಗಿರಿ ಭಾಗದ ಕನ್ನಡ ಶಿಕ್ಷಕರು ಮತ್ತು ಬೆಂಗಳೂರಿನ ಶಾಸನಾಸಕ್ತರು ಈ ಕೆಲಸವನ್ನು ಕೂಡಿ ಕೈಗೆತ್ತಿಕೊಳ್ಳಬೇಕು.